ಅಂಟು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ಇನ್ನೊಬ್ಬರು ಬಾಡಿಗೆಗಿರುವ ಮನೆಯ
ಬಚ್ಚಲು ಕೀಳಿಸಿ ನೋಡಿರಲಿಕ್ಕಿಲ್ಲ.
ನಾನು ನೋಡಿದ್ದೇನೆ, ಇನ್ನೂರ ಹನ್ನೊಂದು ಸಲ,
ಸಂಡರ್‌ಲ್ಯಾಂಡಿನ ಕೌನ್ಸಿಲ್ ಬೀದಿಗಳಲ್ಲಿ.

ಕೈಯಲ್ಲಿ ಮಾದರಿಗಳ ಪೆಟ್ಟಿಗೆ:
ಕಟ್ಟೆಗೆ ಮೂರು ಬಣ್ಣ, ಕಪಾಟಿಗೆ ಐದು, ಹಿಡಿಕೆ ಎರಡು ಬಗೆ.
ಆಯ್ಕೆ ನಿಮ್ಮದು ಅನ್ನುತ್ತೇನೆ.
ಬೇಡ ಅನ್ನುವ ಬಣ್ಣವೊಂದು ಮಾತ್ರ ಪೆಟ್ಟಿಗೆಯಲ್ಲಿಲ್ಲ.
ಆಮೇಲೆ ಕಂಠಪಾಠ.
ಹತ್ತು ಕೆಲಸದ ದಿನ. ಬೆಳಗ್ಗೆ ಎಂಟಕ್ಕೆ ಬರುತ್ತಾರೆ.
ಪಾತ್ರೆಪಗಡಿ ಮುಂದಿನ ಕೋಣೆಗೆ,
ರಟ್ಟಿನ ಡಬ್ಬ ಹನ್ನೆರಡು ನಾವೇ ಕೊಡುತ್ತೇವೆ.
ಸಂಜೆಗೆ ನೀರು ವಾಪಸು, ಕರೆಂಟು ವಾಪಸು,
ಕಮೋಡಿಲ್ಲದೆ ಒಂದು ರಾತ್ರಿಯೂ ಕಳೆಯಬೇಕಿಲ್ಲ.
ಧೂಳು ಬರುತ್ತದೆ.
ಬರುವುದಿಲ್ಲ ಎಂದು ನಾನು ಯಾರಿಗೂ ಹೇಳಿಲ್ಲ.

ಏಳನೇ ನಂಬರಿನ ರುಕ್ಸಾನಾ ಬೇಗಂ ಬಣ್ಣ ನೋಡಲಿಲ್ಲ.
ಮಗನನ್ನು ಹೊರಗೆ ಕಳಿಸಿ, ದನಿ ತಗ್ಗಿಸಿ,
ಕಮೋಡಿನ ಪಕ್ಕ ಒಂದು ಕೈನಳ ಹಾಕುತ್ತೀರಾ ಅಂದಳು.
ಫಾರಮ್ಮಿನಲ್ಲಿ ಅದಕ್ಕೆ ಕಲಮಿಲ್ಲ.
'ಇತರೆ' ಎಂಬ ಅರ್ಧ ಗೆರೆ ಸಾಲದೆ
ಅಂಚಿನಲ್ಲಿ ಬರೆದೆ, ಅಡ್ಡಡ್ಡ.
ಹನ್ನೊಂದರಲ್ಲಿ ಸೆಲಾಮವಿಟ್.
ಎರಿಟ್ರಿಯಾದ ಹಸಿ ಕಾಫಿಬೀಜ ಹುರಿದರೆ
ಹಜಾರದ ಅಲಾರಂ ಬೀದಿ ಎಬ್ಬಿಸುತ್ತದಂತೆ.
ಹೊಸದು ಇನ್ನೂ ಚುರುಕಾ?
ಹೌದು, ಇನ್ನೂ ಚುರುಕು.
ಹಾಗಾದರೆ ಹಳೆಯದೇ ಇರಲಿ, ಅದಕ್ಕೆ ನನ್ನ ಪರಿಚಯವಿದೆ.

ಹತ್ತೊಂಬತ್ತರ ಹೆಸ್ಲಾಪ್ ಬಾಗಿಲನ್ನು
ಸರಪಳಿ ಬಿಟ್ಟಷ್ಟೇ ತೆರೆದ, ಮೊದಲ ಸಲ.
ಎರಡನೇ ಸಲ, ನಾಯಿ ಸತ್ತಿದೆ, ಹೋಗು ಅಂದ.
(ನಾಯಿಯೇ ಇರಲಿಲ್ಲ, ಆಮೇಲೆ ಗೊತ್ತಾಯಿತು.)
ಮೂರನೇ ಸಲ ಚಹಾ. ನಿಂತೇ ಕುಡಿದೆವು.
ಒಲೆಯ ಹಿಂದಿನ ಗೋಡೆಗೆ ಟೈಲ್ಸು,
ದಪ್ಪ, ಕಡಲಹಸಿರು,
ಕೌನ್ಸಿಲ್ಲಿನ ಯಾವ ಪಟ್ಟಿಯಲ್ಲೂ ಇಲ್ಲದ್ದು.
ನಾವು ಕಟ್ಟಿದ ಕಡೆಯ ಹಡಗಿನ ಅಡುಗೆಕೋಣೆಯವು ಅಂದ.
ಯಾರ್ಡು ಮುಚ್ಚುವ ತಿಂಗಳು, ಬುತ್ತಿ ಡಬ್ಬಿಯಲ್ಲಿ,
ದಿನಕ್ಕೆ ನಾಲ್ಕರಂತೆ. ಅಂಟೂ ಅಲ್ಲಿಯದೇ.
ಕದ್ದದ್ದು ಅಂತ ಬೇಕಾದರೆ ಬರೆದುಕೋ.
ನಾನು ಬರೆದದ್ದು:
ಬಾಡಿಗೆದಾರರ ಸ್ವಂತ ಸುಧಾರಣೆ, ಮರಳಿ ಹಾಕಿಕೊಡಲಾಗುವುದಿಲ್ಲ.
ಅದನ್ನು ಗಟ್ಟಿಯಾಗಿ ಓದಿಯೂ ಹೇಳಬೇಕು. ನಿಯಮ.
ಓದಿದೆ.
ಅವನು ಕಪ್ಪು ತೊಳೆದ. ಒರೆಸಿದ. ಮತ್ತೆ ತೊಳೆದ.
ಆಮೇಲೆ ಪೆಟ್ಟಿಗೆಯ ಅತ್ಯಂತ ಸಪ್ಪೆ ಬೂದುಬಣ್ಣ ಹುಡುಕಿ ತೆಗೆದು,
ಇದು, ಅಂದ,
ಕಾಗದ ಹರಿಯುವ ಹಾಗೆ ರುಜು ಹಾಕಿದ.

ಕೆಲಸ ಶುರುವಾದ ಮೂರನೇ ದಿನ ಫೋನು: ನೀನೇ ಬಾ.
ಹೋದರೆ ಕೀರನ್, ಇಪ್ಪತ್ತೊಂದರ ಹುಡುಗ,
ಎರಡನೇ ಉಳಿ ಮುರಿದುಕೊಂಡು ನಿಂತಿದ್ದಾನೆ.
ಒಂದಾದರೂ ಇಡಿಯಾಗಿ ಎಬ್ಬಿಸಿ ಕೊಡು ಅಂದಿದ್ದೆ, ಗುಟ್ಟಾಗಿ.
ಒಂದೂ ಬಂದಿಲ್ಲ.
ಟೈಲು ಚೂರಾಗುತ್ತದೆ, ಚೂರು ಬಿಡುವುದಿಲ್ಲ,
ಬಿಟ್ಟರೆ ಗಾರೆಯನ್ನೂ ಕಿತ್ತುಕೊಂಡೇ ಬರುತ್ತದೆ.
ಇಟ್ಟಿಗೆ ಕಾಣುತ್ತಿದೆ, ಬತ್ತಲೆ.
ಹಜಾರದಲ್ಲಿ ಹನ್ನೆರಡು ಡಬ್ಬಗಳ ನಡುವೆ
ಮಡಚುವ ಕುರ್ಚಿಯಲ್ಲಿ ಹೆಸ್ಲಾಪ್
ಕೆಮ್ಮು ಬರುವಷ್ಟು ನಗುತ್ತಿದ್ದಾನೆ.
ಕಡಲಿಗೆ ಅಂತ ಮಾಡಿದ್ದು ಮಗಾ, ಅಡುಗೆಗಲ್ಲ!
ಮೊದಲು ಬಿಸಿ ಮಾಡು. ಮೂಲೆಯಿಂದ ಹೋಗು.
ಕೊಡಿಲ್ಲಿ.

ವಿಮೆಯ ಪ್ರಕಾರ, ಬಾಡಿಗೆದಾರರು
ಕೆಲಸದ ಜಾಗಕ್ಕೆ ಕಾಲಿಡಕೂಡದು.
ನಾನು ಕಿಟಕಿಗೆ ತಿರುಗಿ
ಎದುರುಮನೆಯ ಒಣಗುಬಟ್ಟೆ ಎಣಿಸಿದೆ.
ಬೆನ್ನ ಹಿಂದೆ ಉಳಿಯ ಸದ್ದು,
ಬೈಗುಳ, ಸದ್ದು, ಆಮೇಲೆ ಬೈಗುಳವಿಲ್ಲದ ಸದ್ದು.

ವರದಿ: ಒಂದೂವರೆ ದಿನ ತಡ. ಕಾರಣ: ಅಂಟು.
ಮರುದಿನ ಮೇಲಿನವರ ಪ್ರಶ್ನೆ: ಯಾವ ಕಂಪನಿಯದು?
ಮುಚ್ಚಿದೆ ಎಂದು ಉತ್ತರ ಬರೆದು,
ಪೆಟ್ಟಿಗೆ ಎತ್ತಿಕೊಂಡು
ಇಪ್ಪತ್ತೊಂದರ ಬಾಗಿಲು ತಟ್ಟಿದೆ.