ಬಸಲ್

ಏಳನೇ ಕೌಂಟರಿನಲ್ಲಿ ಹನ್ನೊಂದು ವರ್ಷ
ಕೂತು ಎದ್ದವಳು ನಾನು. ಈಗ ಕೌಂಟರಿಲ್ಲ.
ಆರು ಯಂತ್ರಗಳಿವೆ, ಆರರ ನೆತ್ತಿಗೂ ಒಂದೊಂದು ದೀಪ.
ನಡುವೆ ನಿಲ್ಲುವುದು ನನ್ನ ಕೆಲಸ.
ಕುರ್ಚಿ ಇಲ್ಲ. ಕುರ್ಚಿ ಇದ್ದದ್ದು ಗಲ್ಲಾಪೆಟ್ಟಿಗೆಗೆ,
ನನಗಲ್ಲ ಎಂದು ಈಗ ತಿಳಿಯಿತು.

ದೀಪ ಹಸಿರಿದ್ದರೆ ಸುಮ್ಮನಿರಬೇಕು.
ಕೆಂಪಾದರೆ ಓಡಬೇಕು, ಕೊರಳಿನ ಕಾರ್ಡು ತೋರಿಸಬೇಕು.
ರಚ್ಚೆ ಹಿಡಿದ ಕೂಸಿಗೆ ಗುರುತಿನ ಮುಖ ಕಂಡಂತೆ
ಯಂತ್ರ ತಣ್ಣಗಾಗುತ್ತದೆ.
ಎಷ್ಟು ಸಲ ಓಡಿದೆ ಎಂಬ ಲೆಕ್ಕ
ಮೇಲಿನ ಮಾಳಿಗೆಯಲ್ಲಿ ಯಾರದೋ ಪರದೆಗೆ ಹೋಗುತ್ತದೆ.
ಕಳೆದ ತಿಂಗಳಿಗಿಂತ ಕಡಿಮೆಯಾದರೆ
ಮ್ಯಾನೇಜರ್ ನಾಸಿರ್ ಭೇಷ್ ಅನ್ನುತ್ತಾನೆ.
ಆ ಭೇಷ್ ಕೇಳಿದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ.

ರೂವಿಯ ಜನ ಬೇಗ ಕಲಿತರು.
ಬಂಗಾಳಿ ಹುಡುಗರು ಒಂದೇ ಶುಕ್ರವಾರದಲ್ಲಿ.
ಮುತ್ರಾದಿಂದ ಬರುವ ಅಜ್ಜಿ ಮಾತ್ರ
ಕಾರ್ಡನ್ನು ನನ್ನ ಕೈಗೇ ಕೊಟ್ಟು, ಪಿನ್ ಕಿವಿಯಲ್ಲಿ ಹೇಳಿ,
ನಾನು ಒತ್ತುವಾಗ
ತಾನು ಕಣ್ಣು ಮುಚ್ಚಿಕೊಳ್ಳುತ್ತಾಳೆ.

ತರಕಾರಿಗೆ ಚೀಟಿ ಇರುವುದಿಲ್ಲ, ಚಿತ್ರ ಮುಟ್ಟಬೇಕು.
ಮುಟ್ಟಿದರೆ ಒಳಗಿನವಳು ಅರಬ್ಬಿಯಲ್ಲಿ ಹೆಸರು ಹೇಳುತ್ತಾಳೆ.
ಮೊದಲ ದಿನ ‘ಬಸಲ್’ ಎಂದಾಗ
ಬಸಳೆಯೋ ಎಂದು ಬಗ್ಗಿ ನೋಡಿದ್ದೆ.
ನೀರುಳ್ಳಿ.
ಬಸಳೆಯ ಚಿತ್ರ ಆ ಪರದೆಯಲ್ಲಿ ಇಲ್ಲವೇ ಇಲ್ಲ.
ಪಾಲಕ್ ಎಂದು ಒತ್ತಿ ತೂಗುತ್ತೇವೆ, ಅಷ್ಟೇ.

ಒಮ್ಮೆ ನಾಲ್ಕನೇ ದೀಪ ಕೆಂಪಾಯಿತೆಂದು ಹೋದರೆ
ಸಿಮೆಂಟು ಮೆತ್ತಿದ ಮೇಲಂಗಿ, ಎರಡು ಕಿಲೋ ನೀರುಳ್ಳಿ,
ಪರದೆಯನ್ನು ಬಾಗಿಲಿನಂತೆ ಕುಟ್ಟುವ ಒಂದು ಬೆರಳು.
“ಇದರವ್ವನ, ಉಳ್ಳಾಗಡ್ಡಿ ಅಂದ್ರ ತಿಳಿಯಂಗಿಲ್ಲೇನು ಇದಕ?”
ಗಕ್ಕನೆ ನಿಂತೆ.

ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು;
ಕನ್ನಡ ನನಗೆ ಶಿರ್ವದ ಶಾಲೆಯಲ್ಲಿ ಸಿಕ್ಕಿದ್ದು,
ಇಸ್ತ್ರಿ ಮಾಡಿದ ಯೂನಿಫಾರ್ಮಿನ ಜೊತೆಗೆ.
“ನೀವು ಮೆಲ್ಲನೆ ಮುಟ್ಟಬೇಕು,” ಎಂದೆ.
ಅವನು ನಕ್ಕ: “ಪುಸ್ತಕ ಓದಿದಂಗ ಮಾತಾಡ್ತೀರಿ, ಅಕ್ಕಾರ.”
ಚಂದ್ರಶಾ. ಆಳಂದದ ಕಡೆಯವ.
ಬರ್ಕಾ ದಾರಿಯ ಸೇತುವೆಗೆ ಕಬ್ಬಿಣ ಕಟ್ಟುವವ.

ಮೆಲ್ಲನೆ ಮುಟ್ಟಿದ. ಪರದೆಗೆ ಗೊತ್ತಾಗಲಿಲ್ಲ.
ಒರೆಸಿ ಮುಟ್ಟಿದ. ಇಲ್ಲ.
ಅಂಗೈ ತಿರುಗಿಸಿ ತೋರಿಸಿದ,
ಒಂದೂ ಗೆರೆಯಿಲ್ಲದೆ ಚಕ್ಕೆಯೆದ್ದ ತುದಿಗಳು.
“ಸೈಟಿನ್ಯಾಗೂ ಇದೇ ಹಾಡ್ರಿ. ಹಾಜರಿ ಮಷಿನಿಗಿ
ನನ್ನ ಹೆಬ್ಬಟ್ಟು ಹತ್ತಂಗಿಲ್ಲ. ದಿನಾ ವ್ಯಾಸಲೀನ್ ಹಚ್ಚಬೇಕು.
ಇಲ್ಲಂದ್ರ ದಿನಪೂರ್ತಿ ದುಡದ್ರೂ
ಬಂದೇ ಇಲ್ಲಂತ ಬರಕೋತದ.”

ನಾನು ಮುಟ್ಟಿದೆ. ಬಸಲ್, ಎಂದಳು ಒಳಗಿನವಳು.

ಆಮೇಲೆ ಪ್ರತಿ ಶುಕ್ರವಾರ ಅವನ ಉಳ್ಳಾಗಡ್ಡಿಗೆ ನನ್ನ ಬೆರಳು.
ಎರಡೇ ನಿಮಿಷ. ಅಷ್ಟರಲ್ಲಿ ಅವನ ತಂಗಿಯ ಮಗಳ ನರ್ಸಿಂಗು,
ಹನ್ನೊಂದು ಗಂಟೆಗೇ ಕೈ ಸುಡುವ ಸರಳು, ನನ್ನ ಹಿಮ್ಮಡಿ ನೋವು,
ಎಣ್ಣೆಗಾಯಿಗೆ ಶೇಂಗಾ ಹಾಕಬೇಕೋ ಕೊಬ್ಬರಿಯೋ ಎಂಬ ಜಗಳ.
ಮೇಲಿನ ಮಾಳಿಗೆಯಲ್ಲಿ ಅದೆಲ್ಲ
‘ಸಹಾಯ, ಒಂದು’ ಎಂದು ಬೀಳುತ್ತಿತ್ತು.

ಆಗಸ್ಟಿನಲ್ಲಿ ಆರು ವಾರ ಕಾಣಲಿಲ್ಲ.

ಬಂದವನು ಸೀದಾ ಐದನೇ ಯಂತ್ರಕ್ಕೆ ಹೋದ.
ಒಂದು ಪೊಟ್ಟಣ ಖುಬೂಸು. ಒಂದೇ ಒಂದು ಉಳ್ಳಾಗಡ್ಡಿ.
ಮುಟ್ಟಿದ.
ಬಸಲ್.
ದೀಪ ಹಸಿರಾಗಿಯೇ ಇತ್ತು.
“ಹತ್ತತದ ನೋಡ್ರಿ ಅಕ್ಕಾರ, ಈಗ ಹತ್ತತದ!”
ಅಲ್ಲಿಂದಲೇ ಕೈಯೆತ್ತಿ ತೋರಿಸಿದ.

ಬೆರಳ ತುದಿ ಎಳಸಾಗಿತ್ತು, ಬಾಣಂತಿ ಕೋಣೆಯಿಂದ
ಹೊರಬಂದ ಹಾಗೆ. ಗೆರೆಗಳು ಒಂದೊಂದಾಗಿ ಮರಳಿದ್ದವು.
ಎಷ್ಟು ದಿನ ಕಬ್ಬಿಣ ಮುಟ್ಟದಿದ್ದರೆ
ಹೀಗಾಗುತ್ತದೆ?

ಹಸಿರು ದೀಪದ ಹತ್ತಿರ ನನಗೇನೂ ಕೆಲಸವಿಲ್ಲ.
ಗಾಜಿನಾಚೆ ನಾಸಿರ್ ನಿಂತಿದ್ದ.
ಹೋದೆ. ಚೀಲವನ್ನು ತಕ್ಕಡಿಯಿಂದ
ಒಂಚೂರು ಎತ್ತಿ ಹಿಡಿದೆ.
ದೀಪ ಕೆಂಪಾಯಿತು.

“ಈಗ ಹೇಳಿ,” ಎಂದೆ.