ಪಿತ್ತ ಒಡೆಯದ ಹಾಗೆ

ನನಗೆ ಹೊಟ್ಟೆಯ ಒಳಗು ಗೊತ್ತು, ಡಾಕ್ಟರಮ್ಮ.
ಇಪ್ಪತ್ತೆಂಟು ವರ್ಷ ಕಾರವಾರದ ಮೀನುಪೇಟೆಯಲ್ಲಿ
ಮೆಟ್ಟುಗತ್ತಿಯ ಮುಂದೆ ಕೂತವಳು.
ಬಂಗಡೆಗಾದರೆ ಬೆರಳೇ ಸಾಕು,
ಇಸ್ವಾಣಕ್ಕೆ ಕತ್ತಿ ಬೇಕು.
ಕಿವಿರಿನ ಕೆಳಗೆ ಸೀಳಿ ಒಂದೇ ಎಳೆತ:
ಕರುಳಿನ ಸುರುಳಿ, ಕೆಂಪು ಈಲಿ,
ಅದರ ಮಡಿಲಲ್ಲಿ ಹಸಿರು ಹನಿಯೊಂದು, ಪಿತ್ತ.
ಅದು ಒಡೆಯಬಾರದು.
ಒಡೆದರೆ ಇಡೀ ತುಂಡು ಕಹಿ,
ಗಿರಾಕಿ ಮರುದಿನ ಶೇವಂತಿಯ ಬುಟ್ಟಿಗೆ.

ಈಗ ಆ ಹಸಿರು
ನನ್ನ ಗಂಡನ ಮೂಗಿನ ನಳಿಕೆಯಿಂದ ಇಳಿದು
ಮಂಚದ ಕೆಳಗಿನ ಚೀಲದಲ್ಲಿ ತುಂಬುತ್ತಿದೆ.
ಬಣ್ಣ ನೋಡಿದ ಕೂಡಲೇ ಗುರುತು ಹತ್ತಿತು.

ಬೈತಖೋಲದ ಬೋಟಿನಲ್ಲಿ ಇಂಜಿನು ನೋಡುವವ, ಖೇಮು.
ಡೀಸೆಲ್ಲಿನ ಕೈಯಲ್ಲೇ ಅನ್ನ ಉಂಡವ.
ಕರುಳು ತಿರುಚಿಕೊಂಡಿತ್ತಂತೆ, ಫ್ಯಾನಿಗೆ ಸುತ್ತಿದ ಹಗ್ಗದ ಹಾಗೆ.
ಕಪ್ಪಾದ ಒಂದೂವರೆ ಮೊಳ ತೆಗೆದು
ಉಳಿದ ತುದಿಗಳನ್ನು ಹೊಲಿದಿದ್ದೀರಿ.
ಬಲೆ ಹೊಲಿದ ಹಾಗೆಯೇ ಎಂದು ಕೇಳಿದೆ.
ಹೌದು, ಆದರೆ ಈ ಬಲೆಯಿಂದ ನೀರು ಸೋರಬಾರದು, ಎಂದಿರಿ.

ಮೂರು ದಿನವಾಯಿತು. ಬರುತ್ತೀರಿ,
ಹೊಟ್ಟೆಗೆ ಕೊಳವೆ ಇಟ್ಟು ಆಲಿಸುತ್ತೀರಿ,
ಒಂದೇ ಪ್ರಶ್ನೆ: "ಗಾಳಿ ಹೋಯಿತೇ?"
ಇಲ್ಲ.
ಇಡೀ ವಾರ್ಡು ಒಬ್ಬನ ಹೂಸಿಗೆ ಕಾಯುತ್ತಿದೆ.

ನಿನ್ನೆ ನಡುರಾತ್ರಿ ಪೇಷಂಟುಗಳೆಲ್ಲ ಮಲಗಿದ ಮೇಲೆ
ಔಷಧಿ ಚೀಟಿಯ ಬೆನ್ನಿಗೆ ನನಗೊಂದು ಚಿತ್ರ ಬರೆದಿರಿ.
ಬಾಯಿಯಿಂದಲೇ ಶುರು. ಎಂಜಲಿಗೂ ಕೆಲಸವಿದೆಯಂತೆ,
ಅನ್ನ ಅಗಿದಷ್ಟೂ ಸಿಹಿಯಾಗುವುದು ಅದರಿಂದ.
ಜಠರದಲ್ಲಿ ಹುಳಿ, ಕಬ್ಬಿಣ ತಿನ್ನುವಂಥದು.
ಹಾಗಾದರೆ ಜಠರವನ್ನೇ ಯಾಕೆ ತಿನ್ನುವುದಿಲ್ಲ?
ಲೋಳೆ, ಎಂದಿರಿ.
ನಾನು ನಕ್ಕೆ. ಹಾವುಮೀನಿನ ಮೈಯ ಲೋಳೆಗೆ
ಬೂದಿ ಹಾಕಿ ತಿಕ್ಕುತ್ತ ತಿಕ್ಕುತ್ತ
ಎಷ್ಟು ಬೈದಿಲ್ಲ ನಾನು.

ಒಮ್ಮೆ ಇಸ್ವಾಣದ ಹೊಟ್ಟೆಯಲ್ಲಿ ತಾರ್ಲೆ ಸಿಕ್ಕಿತ್ತು.
ತಲೆ ಕರಗಿ ಗಂಜಿ, ಬಾಲದ ಕಡೆ ಇನ್ನೂ ಬೆಳ್ಳಿ.
ಎಲ್ಲಿಗೆ ತಾರ್ಲೆ ಮುಗಿದು ಇಸ್ವಾಣ ಶುರುವಾಯಿತು
ಎಂದು ಕತ್ತಿ ಹಿಡಿದವಳು ಹಾಗೇ ನೋಡುತ್ತ ಕೂತಿದ್ದೆ.
ಗಿರಾಕಿ ಬೇಗ ಬೇಗ ಅಂದಳು.

ಪಿತ್ತವೆಂದರೆ ಸಾಬೂನು ಅಂದಿರಿ,
ತಾರ್ಲೆಯ ಎಣ್ಣೆಯನ್ನು ಹನಿ ಹನಿಯಾಗಿ ಒಡೆಯುವುದು.
ಇಷ್ಟು ವರ್ಷ ಬೆಕ್ಕಿಗೂ ಹಾಕದೆ ಎಸೆದದ್ದು
ಸಾಬೂನೇ?
ಜಠರದ ಬೆನ್ನಿಗೆ ಅಡಗಿ ಕೂತ ಮೇದೋಜೀರಕ
ತನ್ನ ರಸ ಸುರಿದು ಹುಳಿಯ ಸಿಟ್ಟು ಇಳಿಸುತ್ತದೆ,
ಬಂದದ್ದನ್ನೆಲ್ಲ ಮತ್ತೆ ಸಣ್ಣಗೆ ಕೊಯ್ಯುತ್ತದೆ.
ಅಂದರೆ ಅಲ್ಲಿಯೂ ನನ್ನಂಥವಳೊಬ್ಬಳು.

ಆಮೇಲೆ ಸಣ್ಣ ಕರುಳು. ಅದರ ಒಳಗೋಡೆಯ ತುಂಬ ಮಖಮಲ್ಲು,
ಬಿಡಿಸಿ ಹಾಸಿದರೆ ಒಣಮೀನಿನ ಅಂಗಳದಷ್ಟು.
ಕಾಳಿ ಸಮುದ್ರ ಸೇರುವಲ್ಲಿ
ಕಾಂಡ್ಲದ ಬೇರುಗಳು ನಿಂತಿಲ್ಲವೇ,
ಹೋಗುವ ನೀರನ್ನು ಹೋಗಗೊಟ್ಟು
ತಮಗೆ ಬೇಕಾದ್ದನ್ನು ಹಿಡಿದುಕೊಂಡು, ಹಾಗೆ.
ಹಿಡಿದದ್ದು ನೇರ ಮನೆಗೆ ಹೋಗುವಂತಿಲ್ಲ,
ಮೊದಲು ಈಲಿಯ ಹರಾಜುಕಟ್ಟೆ:
ತೂಕ, ಲೆಕ್ಕ, ವಿಷ ಬೇರೆ, ಸಕ್ಕರೆ ಬೇರೆ.
ಎಣ್ಣೆ ಮಾತ್ರ ಬೇರೆಯೇ ಕಾಲುವೆ ಹಿಡಿದು
ಹಾಲಿನ ಬಣ್ಣದಲ್ಲಿ ಕದ್ದು ಹೋಗುತ್ತದಂತೆ.
ಕೊನೆಗೆ ದೊಡ್ಡ ಕರುಳು ನೀರನ್ನು ವಾಪಸು ಹಿಂಡಿಕೊಳ್ಳುತ್ತದೆ,
ಒಂದು ಹನಿಯೂ ಪುಕ್ಕಟೆ ಇಲ್ಲ.

ಚೀಟಿ ಮಡಚಿ ರವಿಕೆಯಲ್ಲಿ ಇಟ್ಟುಕೊಂಡೆ.

ಬೆಳಗಿನ ಜಾವ, ಬಂದರಿನ ಕಡೆ
ಐಸಿನ ಲಾರಿ ಹಿಂದೆ ಸರಿಯುವ ಸದ್ದು.
ಖೇಮುವಿನ ಹೊಟ್ಟೆಯ ಮೇಲೆ ನನ್ನ ಅಂಗೈ,
ಹೊಲಿಗೆಗೆ ತಾಗದ ಹಾಗೆ.
ಗುರ್ ಎಂದಿತು. ನಿಂತಿತು.
ಮತ್ತೆ ಗುರ್‌, ಗುಡುಗುಡು,
ಮಳೆಗಾಲ ಪೂರ್ತಿ ದಡದಲ್ಲಿದ್ದ ಇಂಜಿನು
ಮೊದಲ ಹ್ಯಾಂಡಲಿಗೆ ಕೆಮ್ಮಿದ ಹಾಗೆ.
ಆಮೇಲೆ ಬಂತು, ಹೊದಿಕೆ ಎದ್ದು ಕೂರುವಷ್ಟು.
ಪಕ್ಕದ ಮಂಚದ ಮುದುಕ ಕಣ್ಣು ಬಿಡದೆ
"ಬೋಟು ಬಿಟ್ಟಿತು" ಎಂದ.

ನಳಿಕೆ ತೆಗೆದಿರಿ. ಮಧ್ಯಾಹ್ನ ಎರಡೇ ಚಮಚ ಗಂಜಿ ತಿಳಿ.
ಒಂದನ್ನು ನುಂಗಿದ. ಗಂಟಲು ಇಳಿಯಿತು.
ಎಲ್ಲಿಗೆ ಗಂಜಿ ಮುಗಿದು ಖೇಮು ಶುರುವಾಗುತ್ತಾನೆ
ಎಂದು ನಾನು ನೋಡುತ್ತಲೇ ಇದ್ದೆ.
ಅವನು ಮುಖ ಹಿಂಡಿ
"ಉಪ್ಪು ಹಾಕ್ಲಿಲ್ವೇನೇ?" ಅಂದ.