ಗೇಟಿನಾಚೆಯ ಕಡಲು

ಮಾರ್ಚ್ ಮೂವತ್ತೊಂದಕ್ಕೆ ಚನಿಯಪ್ಪಣ್ಣನ ಕೊನೆಯ ಡ್ಯೂಟಿ.
ಅಂಗನವಾಡಿಯ ಲೆಕ್ಕದಲ್ಲಿ ಉಡುಗೊರೆಗೆ ದುಡ್ಡಿಲ್ಲ.
ಕಾರ್ಡು ಮಾಡುವ ಎಂದೆ.
ಆಯಾ ಬೀಫಾತಿಮ ನಕ್ಕಳು: "ಕಾರ್ಡೆಂತ ತಿನ್ಲಿಕ್ಕುಂಟಾ ಟೀಚರೇ?"
ನಕ್ಕವಳೇ ಮರುದಿನ ತಂದಳು
ನಾದಿನಿಯ ಮದುವೆ ಕಾಗದ, ಉಳಿದದ್ದು, ದಪ್ಪದ್ದು,
ಹೊರಗೆ ಬಿಳಿ, ಒಳಗೆ ಚಿನ್ನದ ಅಕ್ಷರ.
ಮೈದಾ ಅಂಟು ಸವರಿ
ವರನನ್ನೂ ವಧುವನ್ನೂ ತೆಳು ಹಾಳೆಯಲ್ಲಿ ಮುಚ್ಚಿದೆವು.

ಚಿತ್ರ ಯಾವುದು? ಕಡಲೇ ಇರಲಿ.
ಇಪ್ಪತ್ತೆಂಟು ವರ್ಷ ಶಿರಿಯದ ಈ ಗೇಟಿನಲ್ಲಿ
ಕಡಲಿಗೆ ಹೋಗುವವರಿಗೆ ದಾರಿ ಬಿಟ್ಟ ಮನುಷ್ಯ
ಕಡಲಿಗೆ ಹೋದದ್ದು ಎರಡೇ ಸಲ:
ಅಪ್ಪನ ಬೂದಿ ಬಿಡಲಿಕ್ಕೆ ಒಮ್ಮೆ,
ತಪ್ಪಿಸಿಕೊಂಡ ಆಡು ಹುಡುಕಿಕೊಂಡು ಇನ್ನೊಮ್ಮೆ.

ಹೊಯ್ಗೆ ತರಲು ಮಕ್ಕಳನ್ನು ಕರೆದುಕೊಂಡು ಹೋದರೆ
ಹೊಯ್ಗೆಯೇ ಇಲ್ಲ.
ಹೋದ ಮಳೆಗಾಲ ಕಡಲು ತಿಂದ ಮೇಲೆ
ಲಾರಿಯಲ್ಲಿ ಬಂದಿಳಿದ ಕರಿಗಲ್ಲುಗಳು,
ನಡುವೆ ಸಿಕ್ಕಿಕೊಂಡ ಹರಿದ ಬಲೆ, ಒಂಟಿ ಚಪ್ಪಲಿ.
ಕೊನೆಗೆ ಸಿಕ್ಕಿತು, ನಮ್ಮದೇ ಮೆಟ್ಟಿಲಲ್ಲಿ:
ದಿನವೂ ಮಕ್ಕಳ ಕಾಲಿನಿಂದ ಉದುರಿದ್ದು,
ದಿನವೂ ನಾನು ಬೈದು ಗುಡಿಸಿದ್ದು.
ಜರಡಿ ಹಿಡಿದಾಗ ಒಂದು ಹಾಲುಹಲ್ಲು.
ಯಾರದೆಂದು ಜಗಳ.
ಚಿಪ್ಪಿಗಳ ಸಾಲಿನಲ್ಲಿ ಅದನ್ನೂ ಅಂಟಿಸಿದ ಸುಹೈಲ,
ನಾನು ನೋಡಲಿಲ್ಲ.

ನೀರಿಗೆ ಬಟ್ಟೆಯ ನೀಲಿ, ಮೂರು ಹನಿ.
ನೊರೆಗೆ ಹಳೆ ದಿಂಬಿನ ಹತ್ತಿ.
ಅಂಗಡಿಯ ಕಾರ್ಡುಗಳಲ್ಲಿ ಕಡಲೆಂದರೆ
ಬಣ್ಣದ ಕೊಡೆ, ಒರಗು ಕುರ್ಚಿ, ಗ್ಲಾಸಿನಲ್ಲಿ ಕೊಳವೆ.
ಕುರ್ಚಿಯನ್ನು ಕತ್ತರಿಸಿ ಇಟ್ಟೆ, ಮತ್ತೆ ತೆಗೆದೆ.
ಸ್ಟೂಲಿನಲ್ಲಿ ಕೂತೂ ಕೂತೂ ಸವೆದವರಿಗೆ
ಇನ್ನೂ ಕೂರಿ ಎಂದು ಹೇಗೆ ಹೇಳುವುದು?
ಬದಲಿಗೆ ಒಂದು ನಾಯಿ ಬರೆದೆ.
ಆಡಿನ ಹಾಗೆ ಬಂತು. ಬಿಟ್ಟೆ.

ಬರಹ ಯಾವ ಭಾಷೆಯಲ್ಲಿ?
ಮನೆಯಲ್ಲಿ ತುಳು, ರಿಜಿಸ್ಟರಿನಲ್ಲಿ ಇಂಗ್ಲಿಷು,
ಫೋನಿನಲ್ಲಿ ಕುಂಬಳೆ ಸ್ಟೇಷನ್ನಿಗೆ ಮಲಯಾಳ,
ನನಗೆ ಬೈಯುವಾಗ ಮಾತ್ರ ಕನ್ನಡ:
"ರೈಲು ಕಾಣುದಿಲ್ವಾ ಟೀಚರೇ, ಮಕ್ಕಳನ್ನು ಹಿಡಿದುಕೊಳ್ಳಿ!"
ಆ ಕನ್ನಡದಲ್ಲೇ ಬರೆದೆ.
ನಿವೃತ್ತಿ ಎಂಬ ಪದ ಕಡಲ ಪಕ್ಕ ಚಂದ ಕಾಣಲಿಲ್ಲ.
"ಇನ್ನು ನಿಮ್ಮ ಚಾ ತಣಿಯುವುದಿಲ್ಲ" ಎಂದಷ್ಟೇ.
ಗ್ಲಾಸು ತುಟಿಗೆ ತಾಗುವಾಗಲೇ ಹೊಡೆದುಕೊಳ್ಳುವ ಆ ಫೋನನ್ನು
ನಾವೆಲ್ಲ ನೋಡಿದವರು.

ಹೊರಡುವಾಗ ಅಂಟು ಒಣಗಿರಲಿಲ್ಲ.
ಹರಿವಾಣದ ಹಾಗೆ ಎರಡೂ ಕೈಯಲ್ಲಿ ಹಿಡಿದು
ಹನ್ನೊಂದು ಮಕ್ಕಳ ಜತೆ ಹೋದರೆ, ಗೇಟು ಹಾಕಿತ್ತು.
ಆಚೆ ಚನಿಯಪ್ಪಣ್ಣ, ಹಸಿರು ಬಾವುಟ ಚಾಚಿ,
ನಮ್ಮನ್ನು ನೋಡಿಯೂ ನೋಡದ ಹಾಗೆ.
ರೈಲು ಬಂತು. ಬಂದ ಹಾಗೇ ಹೋಯಿತು.
ಅದರ ಗಾಳಿಗೆ ಅರ್ಧ ತೀರ ಎದ್ದು
ನನ್ನ ಸೀರೆಗೆ, ಮಕ್ಕಳ ಕಣ್ಣಿಗೆ.

ಗೇಟು ಎತ್ತಿ ಬಂದರು. ಕಾರ್ಡು ಕೊಟ್ಟೆವು.
ನೊರೆ ಉಂಟು, ಆಡು ಉಂಟು, ಹಲ್ಲು ಉಂಟು,
ಹೊಯ್ಗೆ ಇದ್ದಲ್ಲಿ ಬರೀ ಅಂಟು ಹೊಳೆಯುತ್ತಿತ್ತು.
"ಕಡಲು ತಿಂದಿತು" ಎಂದ ಸುಹೈಲ.
ಚನಿಯಪ್ಪಣ್ಣ ಬಿಡಿಸಿ ಬೆಳಕಿಗೆ ಹಿಡಿದರು.
ತೆಳು ಹಾಳೆಯ ಹಿಂದಿನಿಂದ ಚಿನ್ನದ ಅಕ್ಷರ ಮಿನುಗಿ
"ಇದು ಯಾರ ಮದುವೆ?" ಎಂದು ಕೇಳಿದರು.
ಉತ್ತರಕ್ಕೆ ನಿಲ್ಲಲಿಲ್ಲ.
ಒಳಗೆ ಫೋನು ಹೊಡೆಯುತ್ತಿತ್ತು.